ಕಾಫಿ ಗೋಣಿಯ ಎದುರು ತೂಗಿದ ಕೂಸು

ಮಗು ಉಣ್ಣದೆ ಸೊರಗಿದರೆ ಜನ ಮಗುವನ್ನು ನೋಡುವುದಿಲ್ಲ, ತಾಯಿಯನ್ನು ನೋಡುತ್ತಾರೆ. ಆಮೇಲೆ ತಾಯಿಯ ಕೈ, ತಾಯಿಯ ತಟ್ಟೆ, ತಾಯಿಯ ತವರು ಎಲ್ಲವನ್ನೂ ನೋಡುತ್ತಾರೆ. ನಾನು ಹಾಗೆ ನೋಡಿಸಿಕೊಂಡವಳು. ನನ್ನ ಮಗಳು ಪೂವಿಗೆ ಈಗ ತನ್ನದೇ ಮಕ್ಕಳಿದ್ದಾರೆ. ಹೋದ ತಿಂಗಳು ಅವಳ ಕಿರಿಯದು ತುತ್ತನ್ನು ಉಗುಳಿದ್ದಕ್ಕೆ ಅವಳ ಗಂಡನ ಮನೆಯ ಹೆಂಗಸೊಬ್ಬರು “ಎಲ್ಲಾ ತಾಯಿ ಕೈಗುಣ” ಎಂದರಂತೆ. ನನ್ನ ಹತ್ತಿರ ಬಂದು ಅತ್ತು ಹೋದಳು. ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ.

ಹಳೆಯದನ್ನು ಮರೆತು, ಎಲ್ಲರನ್ನೂ ಕ್ಷಮಿಸಿ ಬರೆ ಎಂದು ನನ್ನ ಯಜಮಾನರು ಹೇಳಿದರು. ದಿನವೂ ದೀಪ ಹಚ್ಚುವವಳು ನಾನು, ಕಾವೇರಮ್ಮನ ಎದುರು ಸುಳ್ಳು ಹೇಳಲಾರೆ. ಮರೆತಿಲ್ಲ. ಕ್ಷಮಿಸಿಯೂ ಇಲ್ಲ. ಆಗ ಆ ಕಾವೇರಿ ತಾಯಿ ನನಗೆ ತೋರಿದ ಸಣ್ಣಪುಟ್ಟ ದಯೆಗಳನ್ನು ನೆನೆಯಲು ಹೊರಟರೆ, ಆ ದಯೆಗೆ ಅಡ್ಡ ನಿಂತವರ ಮುಖವೂ ಜೊತೆಗೇ ಬರುತ್ತದೆ. ನಾನೇನು ಮಾಡಲಿ?

ನನ್ನ ತವರು ನಾಪೋಕ್ಲಿನ ಕಡೆ. ಬತ್ತದ ಮನೆ. ಬೆಳಿಗ್ಗೆ ಎದ್ದರೆ ಗಂಜಿ. ಕಾಫಿ ಏನಿದ್ದರೂ ನೆಂಟರು ಬಂದಾಗ. ನನ್ನನ್ನು ಕೊಟ್ಟದ್ದು ಮಡಿಕೇರಿಯಿಂದ ಪಶ್ಚಿಮಕ್ಕೆ, ಬೆಟ್ಟದ ಬದಿಯ ಕಾಫಿ ಮನೆಗೆ. ಅಲ್ಲಿ ಒಲೆಯ ಪಕ್ಕದಲ್ಲಿ ಬೆಲ್ಲದ ಕಾಫಿಯ ಮಡಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಯಾಗಿಯೇ ಇರುತ್ತಿತ್ತು. ಒಳ್ಳೆಯ ಬೀಜ ಮಂಗಳೂರಿಗೆ ಹೋಗುವುದು, ಉದುರಿದ್ದು, ಒಡೆದದ್ದು, ಕಪ್ಪಾದದ್ದು ಮನೆಗೆ ಉಳಿಯುವುದು. ಅದನ್ನೇ ಹುರಿದು ಕುಟ್ಟಿ, ಬೆಲ್ಲ ಹಾಕಿ ಕುದಿಸುವುದು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆ ನಡೆಯುತ್ತಿದ್ದದ್ದು ಮಾವನ ಮಾತಿನಲ್ಲಿ, ಮಾವನ ಮಾತು ನಡೆಯುತ್ತಿದ್ದದ್ದು ಅವರ ಹಿರಿಯ ಮಗಳು, ನನ್ನ ದೇವಕ್ಕಿ ಅತ್ತಿಗೆ ಹೇಳಿದಂತೆ. ಅವರನ್ನು ಕೊಟ್ಟ ಮನೆ ಪಕ್ಕದ ಊರಿನಲ್ಲೇ. ಮಕ್ಕಳಿರಲಿಲ್ಲ. ವಾರದಲ್ಲಿ ಅಲ್ಲಿಗಿಂತ ಇಲ್ಲೇ ಹೆಚ್ಚು ಇರುತ್ತಿದ್ದರು. ನನ್ನ ಯಜಮಾನರು ಬಿಳಿ ದೊರೆಗಳ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಅವರು ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ.

ಪೂವಿಗೆ ಮೊದಲ ಅನ್ನ ಕೊಡುವ ದಿನ ಮಾವ ತಮ್ಮ ಬೆರಳಿನ ಉಂಗುರ ತೆಗೆದು ಕಾಫಿಯಲ್ಲಿ ಅದ್ದಿ ಅವಳ ನಾಲಗೆಗೆ ಮುಟ್ಟಿಸಿದರು.

“ಅನ್ನ ಎಲ್ಲರ ಮನೇಲೂ ಉಟ್ಟು,” ಎಂದರು. ನಮ್ಮ ಕಡೆ ಉಂಟು ಎನ್ನುವುದೇ ಉಟ್ಟು. “ನಮ್ಮ ಮನೆ ನಿಂತದ್ದು ಕಾಫಿಲಿ. ಮೊದ್ಲು ಅದರ ರುಚಿ ನೋಡ್ಲಿ.”

ಎಲ್ಲರೂ ನಕ್ಕರು. ಕೂಸೂ ಚಪ್ಪರಿಸಿತು. ಅಂದಿನಿಂದ ಅಜ್ಜನ ಲೋಟದ ಕೊನೆಯ ಗುಟುಕು ಮೊಮ್ಮಗಳದ್ದು ಎಂದಾಯಿತು. ಲೋಟದ ತಳದಲ್ಲಿ ಬೆಲ್ಲ ಇಳಿದಿರುತ್ತದಲ್ಲ, ಅದು ಅವಳಿಗೆ. ಅಜ್ಜ ದಿನಕ್ಕೆ ಎಷ್ಟು ಲೋಟ ಕುಡಿಯುತ್ತಿದ್ದರೋ ಅಷ್ಟು ಸಲ. ಅಜ್ಜ ಕೊಟ್ಟಮೇಲೆ ಬಂದ ನೆಂಟರೂ ಕೊಟ್ಟರು, ತೋಟದ ಮೇಸ್ತ್ರಿಯೂ ಕೊಟ್ಟ. ಜಗಲಿಯಲ್ಲಿ ಯಾರು ಕಾಫಿ ಕುಡಿದರೂ ಕೊನೆಯಲ್ಲಿ “ಬಾ ಪೂವಿ” ಎನ್ನುವುದು ಆ ಮನೆಯ ಪ್ರೀತಿ. ಕಾಫಿ ಬೆಳೆಯುವವರ ಮನೆಯಲ್ಲಿ ಅದರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ನನಗೂ ಬರಲಿಲ್ಲ.

ನಾಲ್ಕು ವರ್ಷ ತುಂಬುವಾಗ ಅವಳ ಮೊಣಕಾಲು ತೊಡೆಗಿಂತ ದಪ್ಪ ಕಾಣುತ್ತಿತ್ತು. ಹೊಟ್ಟೆ ಮಾತ್ರ ಮುಂದೆ. ಕಣ್ಣಿನ ಒಳಗೆ ಕೆಂಪೇ ಇಲ್ಲ. ಅನ್ನ ಕಲಸಿದರೆ “ಬೊತ್ತ್”, ರೊಟ್ಟಿ ಮುರಿದರೆ “ಬೊತ್ತ್”. ಬೇಡ ಎನ್ನುವುದಕ್ಕೆ ನಮ್ಮ ಮನೆಮಾತಿನಲ್ಲಿರುವ ಆ ಒಂದು ಪದವನ್ನು ನನ್ನ ಮಗಳು ಹೇಳಿದಷ್ಟು ಸಲ ಯಾರೂ ಹೇಳಿರಲಾರರು. ಕಡುಬು ಬಿಳಿ ಇದ್ದರೆ ಬೇಡ, ಸಾರು ತಾಗಿ ಕೆಂಪಾದರೆ ಅದೂ ಬೇಡ. ಹಾಲಿನ ಕೆನೆ ಕಂಡರೆ ವಾಂತಿ. ನಾನು ಕಾಗೆ ತೋರಿಸಿದೆ, ಕರು ತೋರಿಸಿದೆ, ಕತೆ ಹೇಳಿದೆ, ಅತ್ತೆ. ಒಂದು ತುತ್ತು ಒಳಗೆ ಹೋದರೆ ಕಾವೇರಮ್ಮನಿಗೆ ಕೈಮುಗಿಯುತ್ತಿದ್ದೆ. ಅದನ್ನು ಅವಳು ಕೆನ್ನೆಯಲ್ಲೇ ಇಟ್ಟುಕೊಂಡು ಆಮೇಲೆ ಗೋಡೆಯ ಮೂಲೆಗೆ ಉಗುಳುತ್ತಿದ್ದಳು.

“ನಿನ್ನ ಕೈಲಿ ರುಚಿ ಇಲ್ಲೆ,” ಎನ್ನುತ್ತಿದ್ದರು ಅತ್ತಿಗೆ. “ನಂಗೆ ಕೊಡು. ಹುತ್ತರಿ ಹಬ್ಬಕ್ಕೆ ಮುಂಚೆ ಉಂಡೆ ಮಾಡಿ ತೋರಿಸ್ತೆ.”

“ಕೂಸಲ್ವಾ ಅತ್ತಿಗೆ. ಉಂಡೆ ಮಾಡ್ಲಿಕ್ಕೆ ಎಳ್ಳಾ?”

“ನೋಡಿ ಅಪ್ಪಾ, ಬಾಯಿಗೇನೂ ಬಡತನ ಇಲ್ಲೆ ಇವಳಿಗೆ. ಕೂಸಿನ ಮೈಲಿ ಮಾತ್ರ ಬಡತನ.”

ಹೀಗೆ ತಮಾಷೆಯಲ್ಲಿ ಶುರುವಾದದ್ದು ಬರಬರುತ್ತ ತಮಾಷೆಯಾಗಿ ಉಳಿಯಲಿಲ್ಲ. ತವರಿನಲ್ಲಿ ಮಗುವನ್ನು ಬಿಟ್ಟು ಬೆಳೆಸುವುದು, ಮಕ್ಕಳಿಲ್ಲದ ಅತ್ತೆಗೋ ಚಿಕ್ಕಮ್ಮನಿಗೋ ಕೊಡುವುದು ನಮ್ಮಲ್ಲಿ ಹೊಸತಲ್ಲ. ಮಾವ ಒಂದು ದಿನ ಎಲ್ಲರ ಎದುರೇ ಹೇಳಿದರು: ತಾಯಿಯ ಹತ್ತಿರ ಏಳಿಗೆ ಇಲ್ಲದ ಕೂಸು ದೇವಕ್ಕಿಯ ಹತ್ತಿರವಾದರೂ ಬದುಕಲಿ. ನನ್ನ ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಒಳಗೆ ಬಂದ ಮೇಲೆ ಕೇಳಿದೆ, ಏನಾದರೂ ಹೇಳಬಾರದಿತ್ತೇ ಎಂದು.

“ಅಪ್ಪನಿಗೆ ಎದುರು ಹೇಳ್ಲಿಕ್ಕೆ ಆಗ್ತದಾ ನೀಲು?” ಎಂದರು.

ಆಗುತ್ತದೆ. ಆದರೆ ಆ ದಿನ ಆಗಲಿಲ್ಲ.

ಅತ್ತಿಗೆಯ ಮುಂದಿನ ಉಪಾಯ ಕೂಸಿನ ಹೊಟ್ಟೆಗೆ ಬಳೆ ಕಾಯಿಸಿ ಬರೆ ಎಳೆಸುವುದು. ಆಳು ಕಳಿಸಿ ಬರೆ ಹಾಕುವವಳನ್ನು ಕರೆಸಿಯೂ ಆಗಿತ್ತು. ನಾನು ಪೂವಿಯನ್ನು ಸೊಂಟಕ್ಕೆ ಕಟ್ಟಿಕೊಂಡು ದನದ ಕೊಟ್ಟಿಗೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿದೆ. ಹೊರಗೆ ಅತ್ತಿಗೆ ಬಾಗಿಲು ಬಡಿದರು, ಒಳಗೆ ಹಸು ನನ್ನ ಬೆನ್ನು ನೆಕ್ಕುತ್ತಿತ್ತು. ಆ ಮನೆಯಲ್ಲಿ ಆ ಹೊತ್ತು ನನ್ನ ಕಡೆ ಇದ್ದದ್ದು ಅದೊಂದೇ. ಭಾನುವಾರ ಯಜಮಾನರು ಬಂದಾಗ ಹೇಳಿದೆ: “ಒಂದಾ ಮಡಿಕೇರಿ ಆಸ್ಪತ್ರೆಗೆ ಗಾಡಿ ಕಟ್ಟಿಸಿ, ಇಲ್ಲಾ ನಂಗೂ ಕೂಸಿಗೂ ನಾಪೋಕ್ಲಿಗೆ ದಾರಿ ಬಿಡಿ.” ಅವರು ಎದ್ದು ಹೊರಗೆ ಹೋದರು. ಆದರೆ ಬೆಳಕು ಹರಿಯುವಾಗ ಅಂಗಳದಲ್ಲಿ ಗಾಡಿ ನಿಂತಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಕಾಯುವುದು ಎಂದರೆ ಏನೆಂದು ಕಾದವರಿಗೇ ಗೊತ್ತು. ಉದ್ದ ಬೆಂಚು, ಫಿನಾಯಿಲಿನ ವಾಸನೆ, ಗೋಡೆಗೆ ಒರಗಿದರೆ ಬೈಯುವ ಆಯಾ. ಯಾರು ಮೊದಲು ಬಂದವರು ಎಂದು ಯಾರೂ ಕೇಳುವುದಿಲ್ಲ, ಯಾರ ಕಾಲಲ್ಲಿ ಬೂಟು ಇದೆ ಎಂದು ನೋಡುತ್ತಾರೆ. ನನ್ನ ಪಕ್ಕದಲ್ಲಿದ್ದ ಪೇಟೆಯ ಹೆಂಗಸೊಬ್ಬಳು ಪೂವಿಯನ್ನು ಒಮ್ಮೆ ನೋಡಿ, ತನ್ನ ಗುಂಡಗಿನ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಸರಿದಳು. ನನ್ನ ಮಗಳ ದೃಷ್ಟಿ ಅವಳ ಮಗನಿಗೆ ತಾಗುತ್ತದೆಂದು! ಅದನ್ನು ನೋಡುತ್ತಿದ್ದಂತೆಯೇ ಪೂವಿ ನನ್ನ ಮಡಿಲಲ್ಲಿ ವಾಂತಿ ಮಾಡಿದಳು. ಆಯಾ ಕೂಗಿಕೊಂಡಳು. ಆಗ ಎದುರು ಬೆಂಚಿನಿಂದ ಮಲಯಾಳದ ಕಡೆಯ ಒಬ್ಬ ಮಾಪಿಳ್ಳೆ ಮುಸ್ಲಿಂ ಹೆಂಗಸು ಎದ್ದು ಬಂದು, ಒಂದು ಮಾತೂ ಕೇಳದೆ ತನ್ನ ತಲೆವಸ್ತ್ರದ ತುದಿಯಿಂದ ನೆಲ ಒರೆಸಿ, ಕೂಸಿನ ಬಾಯಿಯನ್ನೂ ಒರೆಸಿದಳು. “ಸಾರಮಿಲ್ಲಾ ಮೋಳೇ” ಎಂದಳು, ಪರವಾಗಿಲ್ಲ ಮಗಳೇ ಎಂದು. ನನಗೆ ಹೇಳಿದಳೋ ಮಗುವಿಗೋ ತಿಳಿಯಲಿಲ್ಲ. ಅವಳ ಹೆಸರು ಕೇಳಲಿಲ್ಲ. ಈಗಲೂ ದೀಪ ಹಚ್ಚುವಾಗ ಆ ಮುಖಕ್ಕೆ ಒಂದು ಕ್ಷಣ ಕೊಡುತ್ತೇನೆ.

ಬಿಸಿಲು ನೆತ್ತಿಗೆ ಬಂದರೂ ನಮ್ಮನ್ನು ಕರೆಯಲಿಲ್ಲ. ಪೂವಿ ಕಣ್ಣು ಅರೆ ಮುಚ್ಚಿ ಹುಲ್ಲಿನ ಹಾಗೆ ನನ್ನ ತೋಳಿನಲ್ಲಿ ಬಿದ್ದಿದ್ದಳು. ಆಗ ಜವಾನ ಡಾಕ್ಟರಿಗೆ ಕಾಫಿ ತೆಗೆದುಕೊಂಡು ನಮ್ಮ ಮುಂದೆಯೇ ಹೋದ. ಬೆಳಗಿನಿಂದ ಮಿಸುಕಾಡದ ಕೂಸು ಆ ವಾಸನೆಗೆ ಎದ್ದು ಕೂತು, ಎರಡೂ ಕೈ ಚಾಚಿ “ಕಾಪಿ! ಕಾಪಿ!” ಎಂದು ಕಟ್ಟಡ ಬಿರಿಯುವ ಹಾಗೆ ಕಿರುಚಿತು. ಡಾಕ್ಟರು ಬಾಗಿಲಿಗೇ ಬಂದರು. ಮದ್ರಾಸಿನ ಕಡೆಯವರು, ಕಡ್ಡಿಯಂಥ ಮನುಷ್ಯ, ಮೂಗಿನ ತುದಿಯಲ್ಲಿ ಕೋಪ.

“ಯಾರದು ಆ ಮಗು? ಒಳಗೆ ತಗೊಂಡು ಬಾ.”

ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ನಾಲಗೆ ನೋಡಿದರು.

“ಎಷ್ಟು ಸಲ ಕೊಡ್ತೀಯಮ್ಮಾ ಕಾಫಿ?”

ನಾನು ಇದ್ದದ್ದನ್ನು ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನನ್ನ ಯಜಮಾನರ ಮುಖ.

“ಮಗು ಸಾಕ್ತಾ ಇದ್ದೀರಾ, ಕಾಫಿ ಕುದಿಸೋ ಪಾತ್ರೆ ಸಾಕ್ತಾ ಇದ್ದೀರಾ? ಹೊಟ್ಟೆ ತುಂಬಾ ಬೆಲ್ಲದ ನೀರು, ಅದರ ಕೆಳಗೆ ಹುಳ. ಅನ್ನಕ್ಕೆ ಜಾಗ ಎಲ್ಲಿ? ರಕ್ತ ಎಲ್ಲಿಂದ ಬರುತ್ತೆ? ಓದಿದವರ ಹಾಗೆ ಕೋಟು ಹಾಕ್ಕೊಂಡಿದ್ದೀರಲ್ಲಾ ನೀವು?”

ನನ್ನವರು ಕೋಟಿನ ಗುಂಡಿ ಮುಟ್ಟಿಕೊಂಡರು. ಡಾಕ್ಟರು ಹುಳಕ್ಕೆ ಪುಡಿ ಕೊಟ್ಟರು, ಹರಳೆಣ್ಣೆ ಕೊಟ್ಟರು, ಕಬ್ಬಿಣದ ರುಚಿಯ ಕಪ್ಪು ಔಷಧಿ ಕೊಟ್ಟರು. ಕಾಫಿ ಒಂದು ಹನಿಯೂ ಕೂಡದು. ಕಿರುಚುತ್ತದೆ, ಕಿರುಚಲಿ. ಉಣ್ಣು ಎಂದು ಬೇಡಬೇಡ, ಹಸಿವಾದಾಗ ಅದೇ ಬರುತ್ತದೆ. ಇಷ್ಟೂ ಬೈಗುಳದ ಧಾಟಿಯಲ್ಲೇ ಹೇಳಿದರು. ಆ ಮನುಷ್ಯನ ಬಾಯಿಗೆ ನಾನು ಈಗಲೂ ನಮಸ್ಕಾರ ಹಾಕಲಾರೆ. ಅವರ ಔಷಧಿಗೆ ಹಾಕುತ್ತೇನೆ.

ಕಾಫಿ ನಿಲ್ಲಿಸಬೇಕಂತೆ ಎಂದು ಮನೆಯಲ್ಲಿ ಹೇಳಿದ್ದೇ ತಡ, ಮಾವ ಲೋಟವನ್ನು ಜಗಲಿಯ ಮೇಲೆ ಕುಕ್ಕಿದರು.

“ಕಾಫಿ ವಿಷವಾ?” ಎಂದರು. “ನನ್ನಪ್ಪ ಕಾಡು ಕಡಿದು ನೆಟ್ಟದ್ದು ವಿಷವಾ? ನೀನು ಉಟ್ಟ ಸೀರೆ ಎಲ್ಲಿಂದ ಬಂತು, ಗಂಜಿ ಮನೆ ಗೂಡೆ? ವಿಷ ಮಾರಿ ಬಂತಾ?” ಗೂಡೆ ಎಂದರೆ ನಮ್ಮಲ್ಲಿ ಹುಡುಗಿ, ಗಂಜಿ ಮನೆ ನನ್ನ ತವರು.

“ದೊಡ್ಡವರಿಗಲ್ಲ ಮಾವ. ಕೂಸಿಗೆ ಆಗದು ಅಂದ್ರು.”

“ಕೂಸು ನನ್ನ ಮನೇದು. ಅವ ಯಾರು, ಮದ್ರಾಸಿನವ?”

ಅತ್ತಿಗೆ ಪಕ್ಕದಲ್ಲೇ ನಿಂತು ಬೆಂಕಿಗೆ ಸೌದೆ ಒಟ್ಟಿದರು: “ಕೈಲಿ ರುಚಿ ಇಲ್ಲದವಳು ಕಾಫಿ ಮೇಲೆ ಹೊರಿಸ್ತಾಳೆ ಅಪ್ಪಾ. ಸುಮ್ಮನೆ ನಂಗೆ ಕೊಟ್ಟುಬಿಡಿ.”

ನಾನು ಆ ಹೊತ್ತಿನವರೆಗೆ ಮಾವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಆ ದಿನ ಹೇಳಿದೆ: “ಈ ವರ್ಷ ಒಂದು ನಾನು ಹೇಳಿದ ಹಾಗೆ ನೋಡಿ. ಏಳಿಗೆ ಆಗದಿದ್ರೆ ಅತ್ತಿಗೆ ಕರ್ಕೊಂಡು ಹೋಗ್ಲಿ. ನಾನು ತಡಿಯೂದಿಲ್ಲ.”

ಮಾವ ಕಾಫಿಯವರು, ಅವರಿಗೆ ಮಾತಿನಲ್ಲಿ ನಂಬಿಕೆ ಇಲ್ಲ, ತೂಕದಲ್ಲಿ ನಂಬಿಕೆ. ಪೂವಿಯನ್ನು ಎತ್ತಿಕೊಂಡು ಸೀದಾ ಉಗ್ರಾಣಕ್ಕೆ ನಡೆದರು. ಅಲ್ಲಿ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ ಇತ್ತು, ಕಾಫಿ ತೂಗುವಂಥದ್ದು. ಒಂದು ತಟ್ಟೆಯಲ್ಲಿ ಕೂಸನ್ನು ಕೂರಿಸಿದರು. ಇನ್ನೊಂದರಲ್ಲಿ ಖಾಲಿ ಗೋಣಿ ಇಟ್ಟು, ಆ ಸಲದ ಒಣಗಿದ ಕಾಫಿ ಹಣ್ಣನ್ನು ಮೊರದಿಂದ ಸುರಿಯುತ್ತಾ ಹೋದರು. ಕೋಲು ಸಮಕ್ಕೆ ಬಂದಾಗ ನಿಲ್ಲಿಸಿದರು. ಒಂದು ಹಿಡಿ ಕಾಯಿ ತೆಗೆದು ಪೂವಿಯ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ ಬೀಜ ಸಿಪ್ಪೆಯೊಳಗೆ ಗಲಗಲ ಎಂದಿತು. ಕೂಸು ನಕ್ಕಿತು.

“ಕೇಳ್ತಾ? ಚೆನ್ನಾಗಿ ಒಣಗ್ಯುಟ್ಟು,” ಎಂದು ಗೋಣಿಯ ಬಾಯಿ ಹೊಲಿಸಿದರು. “ಮಳೆ ಮುಗಿದು ಕಾವೇರಿ ಸಂಕ್ರಮಣ ಕಳೆದ ಮಾರನೇ ದಿನ ಇದೇ ಗೋಣಿ, ಇದೇ ತಕ್ಕಡಿ. ಕೂಸಿನ ತಟ್ಟೆ ಕೆಳಗೆ ಬಂದ್ರೆ ನಿಂದು. ಬಾರದಿದ್ರೆ ದೇವಕ್ಕಿದು.”

ದೇವರ ಮುಂದೆ ತುಲಾಭಾರಕ್ಕೆ ಕೂರಬೇಕಾದ ಕೂಸನ್ನು ಕಾಫಿ ಗೋಣಿಯ ಎದುರು ತೂಗಿದರು. ನಾನು ಆ ತೊಲೆಯ ಕಡೆಗೇ ಕೈಮುಗಿದೆ. ಬೇರೆ ದಾರಿ ಇರಲಿಲ್ಲ.

ಕಾಫಿ ಬಿಡಿಸಿದ ದಿನಗಳನ್ನು ಹೇಗೆ ಬರೆಯಲಿ? ಪೂವಿ ತಲೆ ಹಿಡಿದುಕೊಂಡು ಅತ್ತಳು. ನನ್ನ ಕೈ ಕಚ್ಚಿದಳು. ಒಲೆಯ ಹತ್ತಿರ ಹೋಗಿ ಖಾಲಿ ಲೋಟಗಳನ್ನು ಒಂದೊಂದಾಗಿ ಮೂಸಿ ನೋಡಿದಳು. ಇಷ್ಟು ಸಾಲದೆಂದು ಮಾವ ಜಗಲಿಯಲ್ಲಿ ಕೂತು ಬಂದ ನೆಂಟರಿಗೆಲ್ಲ ಗಟ್ಟಿಯಾಗಿ ಹೇಳುವರು: “ಬೇಗ ಕುಡ್ದು ಲೋಟ ಅಡಗಿಸಿ ಮಾರಾಯ್ರೆ. ನಮ್ಮ ಸೊಸೆ ಕಂಡ್ರೆ ಪೊಲೀಸ್ ಕರೆಸ್ತಾಳೆ.” ನೆಂಟರು ನಗುತ್ತಿದ್ದರು. ನಾನು ಒಳಗಿನಿಂದ ಮತ್ತೊಂದು ಲೋಟ ತುಂಬಿ ಕಳಿಸುತ್ತಿದ್ದೆ. ಇನ್ನೇನು ಮಾಡಲಿ, ಕಾಫಿ ಕುದಿಸುವುದೂ ನನ್ನದೇ ಕೆಲಸ.

ಹುಳದ ಪುಡಿ ಕೊಟ್ಟ ಮರುದಿನ ಬಿದ್ದದ್ದನ್ನು ನೋಡಿ ನಾನು ಹಿತ್ತಲಿನಲ್ಲೇ ಕೂತುಬಿಟ್ಟೆ. ನನ್ನ ಮಗಳ ಹೊಟ್ಟೆಯಲ್ಲಿ ಇಷ್ಟು ಜನ ಕೂತು ಉಣ್ಣುತ್ತಿದ್ದರೇ! ಅತ್ತಿಗೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡು, “ನಾಪೋಕ್ಲಿನ ಗದ್ದೆ ನೀರು,” ಎಂದರು. ಆ ವರ್ಷ ಕೂಸು ತವರಿನ ಗದ್ದೆಗೆ ಕಾಲಿಟ್ಟಿರಲೇ ಇಲ್ಲ.

ಹುಳ ಬಿದ್ದ ಮೇಲೂ ಹಸಿವು ಬರಲಿಲ್ಲ. ಅಮ್ಮಾ, ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಇನ್ನೂ ಯಾಕೆ ಹೀಗೆ ಎಂದು ದಿನವೂ ದೇವರ ಮೂಲೆಯಲ್ಲಿ ಕೇಳುತ್ತಿದ್ದೆ. ಉತ್ತರ ಸಿಕ್ಕಿದ್ದು ಇರುವೆಗಳಿಂದ. ಒಂದು ಮಧ್ಯಾಹ್ನ ಪೂವಿ ಮಲಗಿದ್ದಾಗ ಅವಳ ಲಂಗದ ಅಂಚಿಗೆ ಕೆಂಪಿರುವೆ ಸಾಲು ಹತ್ತಿತ್ತು. ಮೂಸಿ ನೋಡಿದೆ. ಬೆಲ್ಲ, ಬೆಲ್ಲದ ಜೊತೆ ಕಾಫಿ. ಅತ್ತಿಗೆ ಆಗ ತಾನೇ ಅವಳನ್ನು ಕಣದ ಕಡೆ ತಿರುಗಾಡಿಸಿಕೊಂಡು ಬಂದಿದ್ದರು.

“ಅತ್ತಿಗೆ, ನನ್ನ ಕೂಸಿನ ಲಂಗಕ್ಕೆ ಇರುವೆ ಯಾಕೆ ಬಂತು?”

“ಇರುವೆನೇ ಕೇಳು. ನಂಗೇನು ಗೊತ್ತು?”

“ಕೇಳ್ದೆ. ನಿಮ್ಮ ಹೆಸರು ಹೇಳ್ತು.”

ಅವರು ಮುಸುರೆ ಪಾತ್ರೆ ಕೆಳಗಿಟ್ಟು ಸೆರಗು ಬಿಗಿದರು. “ಹೌದು, ಕೊಟ್ಟೆ. ಕೂಸು ಕಾಲು ಹಿಡ್ದು ಬೇಡ್ತು, ಕೊಟ್ಟೆ. ನಿನ್ನ ಹಾಗೆ ಕಲ್ಲು ಮನಸ್ಸು ನಂಗಿಲ್ಲೆ.”

“ಸಂಕ್ರಮಣಕ್ಕೆ ಕೂಸಿನ ತಟ್ಟೆ ಕೆಳಗೆ ಬರೂದು ಬೇಡ ಅಂತ ತಾನೇ?”

ಅವರು ಮುಸುರೆ ಪಾತ್ರೆ ಮತ್ತೆ ಎತ್ತಿಕೊಂಡರು. ಕಣ್ಣು ತುಂಬಿತ್ತು. ಮಕ್ಕಳಿಲ್ಲದವರ ಕಣ್ಣೀರು ನನಗೂ ಅರ್ಥವಾಗುತ್ತದೆ. ಆದರೆ ನನ್ನ ಮಗಳ ರಕ್ತದಿಂದ ಅದನ್ನು ಒರೆಸಿಕೊಳ್ಳಲು ನಾನು ಬಿಡುವವಳಲ್ಲ. ಆ ದಿನದಿಂದ ಪೂವಿ ನನ್ನ ಸೊಂಟದಿಂದ ಇಳಿಯಲಿಲ್ಲ. ಸೌದೆಗೆ ಹೋದರೂ, ನೀರಿಗೆ ಹೋದರೂ, ಎಲ್ಲಿಗೆ ಹೋದರೂ ಜೊತೆಗೆ. ಭಾನುವಾರ ಯಜಮಾನರಿಗೆ ಹೇಳಿದೆ. ಸಂಜೆ ನಾನು ಕಾಫಿ ಕೊಟ್ಟರೆ ಲೋಟವನ್ನು ಹಿಂದಕ್ಕೆ ಸರಿಸಿ, “ನಂಗೆ ಗಂಜಿ ಸಾಕು,” ಎಂದರು. ಮಾವನ ಎದುರಿಗೇ ಎಂದರು. ಆ ಮನೆಯ ಮಗ ಕಾಫಿ ಬೇಡ ಎಂದದ್ದು ಅದೇ ಮೊದಲು. ಅಪ್ಪನಿಗೆ ಎದುರು ಹೇಳಲು ಅವರಿಗೆ ಗೊತ್ತಿದ್ದ ರೀತಿ ಅದೊಂದೇ ಇರಬೇಕು. ನಾನು ಅಷ್ಟಕ್ಕೇ ತೃಪ್ತಳಾದೆ.

ಒಂದು ದಿನ ನಾನು ಒಲೆಯ ಮುಂದೆ ಕೂತು ಸುಟ್ಟ ಅಕ್ಕಿರೊಟ್ಟಿಯ ಕೊನೆಯ ಚೂರನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದೆ. ಉಣ್ಣು ಎಂದು ಬೇಡುವುದನ್ನು ಬಿಟ್ಟಿದ್ದೆ, ಅವಳ ಕಡೆ ನೋಡುವುದನ್ನೂ ಬಿಟ್ಟಿದ್ದೆ. ಪೂವಿ ಹಿಂದಿನಿಂದ ಬಂದು ನನ್ನ ತಟ್ಟೆಯಿಂದ ಕರಿಕಾದ ಅಂಚನ್ನು ಮುರಿದುಕೊಂಡಳು. ಕಟುಂ ಎಂದಿತು. ನಾನು ತಿರುಗಲಿಲ್ಲ. ಉಸಿರೂ ಬಿಡಲಿಲ್ಲ. ಮತ್ತೊಂದು ಸಲ ಕಟುಂ. ನಾನು ಗೋಡೆ ನೋಡಿಕೊಂಡೇ ಅತ್ತೆ. ಅಂದಿನಿಂದ ರೊಟ್ಟಿಯನ್ನು ಬೇಕೆಂದೇ ಅಂಚಿನಲ್ಲಿ ಕರಿಕು ಮಾಡಿ ಸುಡುತ್ತಿದ್ದೆ. ಅತ್ತಿಗೆ ಅದಕ್ಕೂ “ರೊಟ್ಟಿ ಸುಡ್ಲಿಕ್ಕೂ ಬಾರದು” ಎಂದರು. ಎನ್ನಲಿ.

ಆಮೇಲೆ ಗದ್ದೆ ಏಡಿ. ಮಳೆಗಾಲಕ್ಕೆ ಏಡಿ ಸಾರು ಮಾಡಿದ ದಿನ ಅವಳಿಗೆ ಒಂದು ಕಾಲು ಕೊಟ್ಟೆ, ಆಡಲೆಂದು. ಚೀಪಿದಳು. ಇನ್ನೊಂದು ಕೇಳಿದಳು. ಆಟಿ ತಿಂಗಳ ಹದಿನೆಂಟರಂದು ಕಾಡಿನ ಮದ್ದುಸೊಪ್ಪು ಬೇಯಿಸಿ ಮಾಡುವ ಪಾಯಸದ ನೇರಳೆ ಬಣ್ಣ ಕಂಡು, ಬಿಳಿಯದನ್ನೂ ಕೆಂಪಿನದನ್ನೂ ಮುಟ್ಟದವಳು ಬಟ್ಟಲು ನೆಕ್ಕಿದಳು. ಸಿಹಿ ಇಷ್ಟಪಟ್ಟಳೆಂದು ಹೆದರಿಕೊಂಡೇ ನೋಡಿದೆ. ಸಂಜೆ ಗಂಜಿಯನ್ನೂ ಕುಡಿದಳು. ಕೆನ್ನೆಯಲ್ಲಿ ಒಂದಿಷ್ಟು ಬಣ್ಣ ಬಂತು. ಅಮ್ಮಾ, ಕಣ್ಣು ಬಿಟ್ಟೆಯಾ ಎಂದುಕೊಂಡೆ.

ಅಷ್ಟರಲ್ಲಿ ಚಳಿಜ್ವರ ಬಂತು. ಕಂಬಳಿಯೊಳಗೆ ನಡುಗಿ, ಬೆವತು, ಮತ್ತೆ ನಡುಗಿ, ಬಂದ ಮಾಂಸವೆಲ್ಲ ಕರಗಿತು. ಯಜಮಾನರು ರಜೆ ಕೇಳದೆ ಮಡಿಕೇರಿಗೆ ನಡೆದು ಹೋಗಿ ಕ್ವಿನೈನ್ ತಂದರು. ದೊರೆಯ ಬೈಗುಳ ತಿಂದರಂತೆ. ಆ ಕಹಿಯನ್ನು ಕೂಸಿಗೆ ಕುಡಿಸುವಾಗ ಮಾವ ಬಾಗಿಲಲ್ಲಿ ನಿಂತು ನೋಡಿದರು. “ಕಾಫಿ ಆಗೂದಿಲ್ಲ, ಇದಾಗ್ತದೆ,” ಎಂದು ಹೇಳಿ ಹೋದರು. ಆದರೆ ಹೋಗುವಾಗ ಹೊದಿಕೆಯಿಂದ ಹೊರಬಿದ್ದಿದ್ದ ಅವಳ ಕಾಲನ್ನು ತಮ್ಮ ಊರುಗೋಲಿನ ತುದಿಯಿಂದ ಒಳಗೆ ಸರಿಸಿದರು. ಅದನ್ನೂ ಬರೆಯುತ್ತೇನೆ. ಲೆಕ್ಕದಲ್ಲಿ ಮೋಸ ಮಾಡಬಾರದು.

ಜ್ವರ ಇಳಿದು ಅವಳು ಮತ್ತೆ ರೊಟ್ಟಿಯ ಅಂಚು ಮುರಿಯುವ ಹೊತ್ತಿಗೆ ಸಂಕ್ರಮಣ ಎದುರಿಗೇ ಬಂದಿತ್ತು. ತಲಕಾವೇರಿಗೆ ಹೋದವರು ತಂದ ತೀರ್ಥವನ್ನು ಅವಳ ತಲೆಗೆ ಚಿಮುಕಿಸಿ, ನಾಲಗೆಗೆ ಒಂದು ಹನಿ ಬಿಟ್ಟೆ. ಮಾರನೆಯ ದಿನ ಅತ್ತಿಗೆ ಬಂದರು. ಕೈಯಲ್ಲಿ ಒಂದು ಗಂಟು. ಅದರೊಳಗೆ ಹೊಸ ಲಂಗ, ಒಂದು ಚಿಕ್ಕ ತಟ್ಟೆ, ಚಿಕ್ಕ ಲೋಟ. ತೂಗುವ ಮೊದಲೇ ತಂದಿದ್ದರು.

ಮಾವ ಮೂಲೆಯಿಂದ ಗೋಣಿ ತರಿಸಿದರು. ಪೂವಿ ತಟ್ಟೆಯಲ್ಲಿ ಕೂತು ಸರಪಳಿ ಹಿಡಿದುಕೊಂಡಳು, ತೊಟ್ಟಿಲು ಎಂದು ನಗುತ್ತಾ. ಕೋಲು ಆಡಿತು, ನಿಧಾನವಾಯಿತು, ಸಮಕ್ಕೆ ಬಂದಂತಾಗಿ ಆಮೇಲೆ ಗೋಣಿಯ ಕಡೆ ಒಂದು ಎಳೆ ಬಾಗಿ ನಿಂತಿತು.

“ನೋಡಿ ಅಪ್ಪಾ,” ಎಂದರು ಅತ್ತಿಗೆ ಮೆತ್ತಗೆ. ಗಂಟನ್ನು ಬಿಚ್ಚಲು ಶುರುಮಾಡಿದರು.

ನನ್ನ ಬಾಯಿಗೆ ದೇವರ ಹೆಸರೂ ಬರಲಿಲ್ಲ. ಯಜಮಾನರು ನನ್ನ ಹಿಂದೆ ನಿಂತಿದ್ದರು. ಅವರ ಕೈ ನನ್ನ ಬೆನ್ನಿಗೆ ಬಂತು, ಎಲ್ಲರ ಎದುರೇ.

ಮಾವ ಕೋಲನ್ನು ನೋಡಿದರು. ಗೋಣಿಯನ್ನು ನೋಡಿದರು. ಸೊಂಟದ ಕತ್ತಿ ತೆಗೆದು ಹೊಲಿಗೆ ಕೊಯ್ದು ಒಂದು ಹಿಡಿ ಕಾಯಿ ತೆಗೆದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಏನೂ ಕೇಳಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಗಲಗಲ ಇಲ್ಲ. ಮಳೆಗಾಲವಿಡೀ ಗೋಡೆಗೆ ತಾಗಿ ಕೂತ ಕಾಫಿ ತೇವ ಕುಡಿದು ಮೂಕವಾಗಿತ್ತು, ಭಾರವೂ ಆಗಿತ್ತು.

“ಗೋಣಿಯನ್ನು ಇಳಿಸು,” ಎಂದರು ಆಳಿಗೆ. “ಕಣಕ್ಕೆ ಸುರಿ. ಒಣಗ್ಲಿ.”

“ಅಪ್ಪಾ, ತೇವ ಅಂದ್ರೆ ಎಷ್ಟಿದ್ದೀತು? ಒಂದು ಚೂರು—”

“ಇದನ್ನ ಒಣಗಿದ್ದು ಅಂತ ಮಂಗಳೂರಿಗೆ ಕಳಿಸಿದ್ರೆ ಸಾಹುಕಾರ ನನ್ನ ಮುಖಕ್ಕೆ ಉಗೀತಾನೆ,” ಎಂದರು ಮಾವ. “ಅವನಿಗೆ ಕೊಡದ ತೂಕ ನನ್ನ ಮೊಮ್ಮಗಳಿಗೆ ಕೊಡ್ಲಾ?”

ನನ್ನ ಕಡೆ ನೋಡಲಿಲ್ಲ. ನನಗಾಗಿ ಹೇಳಿದ್ದೂ ಅಲ್ಲ. ಕಾಫಿಗಾಗಿ ಹೇಳಿದ್ದು. ಆ ಮನೆಯಲ್ಲಿ ನ್ಯಾಯ ಬಂದರೂ ಕಾಫಿಯ ಬಾಗಿಲಿನಿಂದಲೇ ಬರಬೇಕಿತ್ತು.

ಕಾಯಿ ಒಣಗುವವರೆಗೆ ಅತ್ತಿಗೆ ಇಲ್ಲೇ ಉಳಿದರು, ಗಂಟೂ ಉಳಿಯಿತು. ಮೋಡ ಬಂದರೆ ನನ್ನ ಎದೆ ಕುಸಿಯುತ್ತಿತ್ತು, ಅವರ ಮುಖ ಅರಳುತ್ತಿತ್ತು. ಬಿಸಿಲಿಗಾಗಿ ನಾನು ಹೊತ್ತ ಹರಕೆಗಳನ್ನು ತೀರಿಸಲು ಆಮೇಲೆ ಬಹಳ ಕಾಲ ಹಿಡಿಯಿತು. ಪೂವಿ ಕಣದಲ್ಲಿ ಕೂತು ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು. ಒಂದು ಮಧ್ಯಾಹ್ನ ಓಡಿ ಬಂದಳು: “ಅಜ್ಜಾ, ಮಾತಾಡ್ತುಟ್ಟು!”

ಒಂದು ಕಾಯಿಯೂ ಬಿಡದಂತೆ ಗುಡಿಸಿ ಅದೇ ಗೋಣಿಗೆ ತುಂಬಿಸಿದರು. ತೂಗಿದರು. ಈ ಸಲ ಕೋಲು ಯೋಚನೆ ಮಾಡಲಿಲ್ಲ. ಪೂವಿಯ ತಟ್ಟೆ ದಡಕ್ಕನೆ ಕೆಳಗೆ ಬಂದು ನೆಲಕ್ಕೆ ತಾಗಿತು. ಕೂಸು ಬೆಚ್ಚಿ ಅತ್ತಿತು. ನಾನು ಎತ್ತಿಕೊಂಡೆ. ಎತ್ತುವಾಗ ಸೊಂ‌ಟ ಹಿಡಿಯಿತು. ಅಂಥ ನೋವನ್ನು ನಾನು ಬೇಡಿಕೊಂಡಿದ್ದೆ.

ಅತ್ತಿಗೆ ಗಂಟು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, ಲಂಗ ಒಂದನ್ನು ತೆಗೆದು ಹೊಸ್ತಿಲ ಮೇಲೆ ಬಿಸಾಡಿ ಹೋದರು. ಪೂವಿಗೆ ಅದು ಬಿಗಿಯಾಯಿತು. ಅವರು ಅಂದುಕೊಂಡಿದ್ದ ಅಳತೆಗಿಂತ ಅವಳು ದಪ್ಪವಾಗಿದ್ದಳು. ಮರುವರ್ಷ ತುಲಾಭಾರದ ಹರಕೆ ತೀರಿಸಿದೆವು. ಅಕ್ಕಿಯಲ್ಲಿ ತೂಗಿಸಿದೆ. ಬೆಲ್ಲದಲ್ಲಿ ಎಂದು ಭಟ್ಟರು ಹೇಳಿದರು, ಬೇಡ ಎಂದೆ.

ಮಾವ ನನ್ನ ಜೊತೆ ಆಮೇಲೂ ಸರಿಯಾಗಿ ಮಾತಾಡಲಿಲ್ಲ. ಸಾಯುವವರೆಗೆ ನಾನು ಗಂಜಿ ಮನೆ ಗೂಡೆಯೇ. ಆದರೆ ತೂಗಿದ ಆ ಸಂಜೆ ಜಗಲಿಯಲ್ಲಿ ಕೂತು ಅವರು ಕಾಫಿ ಕುಡಿಯುತ್ತಿದ್ದರು. ಪೂವಿ ಹಳೆಯ ಅಭ್ಯಾಸಕ್ಕೆ ಹೋಗಿ ಅವರ ಮೊಣಕಾಲು ಹಿಡಿದು ನಿಂತಳು. ಲೋಟದ ತಳಕ್ಕೆ ಕೈ ಚಾಚಿದಳು. ನಾನು ಒಳಬಾಗಿಲಲ್ಲೇ ನಿಂತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಇದ್ದದ್ದು ಪ್ರೀತಿಯಲ್ಲ. ನೋಡುತ್ತಲೇ ಲೋಟವನ್ನು ಕೂಸಿನ ಕೈಗೆ ಎಟುಕದಷ್ಟು ಮೇಲೆ ಎತ್ತಿ, ಕೊನೆಯ ಗುಟುಕನ್ನು ತಳದ ಬೆಲ್ಲದ ಸಮೇತ ತಾವೇ ಕುಡಿದು, ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿದರು.